ಎಂಜಿನ್ನಿನ ಮುಂದೆ ಮೊಗ್ಗಿನ ಜಡೆ

ನಿನ್ನೆ ಭಾನುವಾರ ಬೆಳಿಗ್ಗೆ ಎದ್ದವನೇ ಸಂಪಿನ ಮೋಟರ್ ಹಾಕಿದೆ. ಹಾಲು ಉಕ್ಕದ ಹಾಗೆ ಕಾದು ನಿಂತೆ, ಉಕ್ಕಿತು. ಒಲೆ ಒರೆಸಿದೆ. ಒಣ ಕಸದ ಚೀಲ ಕೆಳಗೆ ಒಯ್ದು, ಇವತ್ತು ಒಣ ಕಸದ ದಿನ ಅಲ್ಲ ಎಂದು ಹೇಳಿಸಿಕೊಂಡು ಮತ್ತೆ ಮೇಲೆ ತಂದೆ. ಬಾಲ್ಕನಿಯ ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಿದೆ. ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಮಲ್ಲಿಗೆ ಮೊಗ್ಗು ತಂದೆ. ಅರಳಿರಬಾರದು, ತೀರಾ ಎಳೆಯದೂ ಆಗಿರಬಾರದು, ಎಲ್ಲವೂ ಒಂದೇ ಉದ್ದ ಇರಬೇಕು ಎಂದು ಅಕ್ಕ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು. ಹೂವಿನವಳ ಹತ್ತಿರ ನಾನು ಒಂದೊಂದೇ ಮೊಗ್ಗು ಎತ್ತಿ ನೋಡುತ್ತಿದ್ದಾಗ ಅವಳು, "ಅಂಕಲ್, ಹೆಣ್ಣು ನೋಡೋಕೆ ಬಂದಂಗೆ ನೋಡ್ತಿದೀರಲ್ಲ" ಎಂದಳು. ಬರುವ ದಾರಿಯಲ್ಲಿ ಸ್ಟುಡಿಯೋಗೆ ಹೋಗಿ, ದೊಡ್ಡದು ಮಾಡಲು ಕೊಟ್ಟಿದ್ದ ಫೋಟೋ ಈಸಿಕೊಂಡೆ. ಅದನ್ನು ಬಿಚ್ಚಿ ಮಾತ್ರ ನೋಡಲಿಲ್ಲ. ಧೈರ್ಯ ಸಾಲಲಿಲ್ಲ.

ಒಂದು ಫೋಟೋ ಬಿಚ್ಚಿ ನೋಡುವುದಕ್ಕೆ ಧೈರ್ಯ ಯಾಕೆ ಎಂದು ನೀವು ಕೇಳುತ್ತೀರಿ. ಅದನ್ನು ಹೇಳಬೇಕಾದರೆ ನನ್ನ ಹುಚ್ಚಿನ ವಿಷಯ ಮೊದಲು ಹೇಳಬೇಕು. ಹಳೆಯ ಫೋಟೋಗಳಲ್ಲಿ ಕಾಣುವ ಉಗಿ ಎಂಜಿನ್ನು ಯಾವ ಜಾತಿಯದು, ಯಾವ ಕಾಲದ್ದು ಎಂದು ಪತ್ತೆ ಹಚ್ಚುವುದು ನನ್ನ ಹುಚ್ಚು. ಯಾರದೋ ಮದುವೆಯ ದಿಬ್ಬಣ ಸ್ಟೇಷನ್ನಿನಲ್ಲಿ ನಿಂತು ತೆಗೆಸಿಕೊಂಡ ಫೋಟೋ ಕೊಟ್ಟರೆ ಬೇರೆಯವರು ಮದುಮಗಳನ್ನು ನೋಡುತ್ತಾರೆ. ನಾನು ಮದುಮಗಳ ತಲೆಯ ಹಿಂದೆ ಕಾಣುವ ಚಿಮಣಿ ನೋಡುತ್ತೇನೆ. ಆಫೀಸು ಮುಗಿಸಿ ಬಿಟಿಎಂ ಲೇಔಟಿನ ನಮ್ಮ ಫ್ಲಾಟಿಗೆ ಬಂದು, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಭೂತಗನ್ನಡಿ ಹಿಡಿದು ಕೂತೆನೆಂದರೆ ಕಾಫಿಗೆ ಕೆನೆ ಕಟ್ಟುವುದು ನನಗೆ ಗೊತ್ತಾಗುವುದಿಲ್ಲ. ನನ್ನ ಹೆಂಡತಿ ಗಿರಿಜಾ ಮನೆಗೆ ಬಂದವರಿಗೆ, "ಇವರು ಸತ್ತ ಎಂಜಿನ್ನಿಗೆ ಜಾತಕ ಬರೆಯೋ ಜೋಯಿಸರು" ಎಂದು ಪರಿಚಯ ಮಾಡಿಕೊಡುತ್ತಾಳೆ.

ಈ ಹುಚ್ಚು ಹತ್ತಿದ್ದು ಅರಸೀಕೆರೆಯಲ್ಲಿ. ಅಪ್ಪನದು ಕೊಬ್ಬರಿ ಮಂಡಿ, ಮನೆ ಸ್ಟೇಷನ್ನಿನ ಬೆನ್ನಿಗೆ. ಅಮ್ಮ ಒಗೆದು ಹರವಿದ ಬಿಳಿ ಪಂಚೆಯ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಮಸಿ ಬಿದ್ದಿರುತ್ತಿತ್ತು. "ಇವರ ಗಾಡಿ ಹಾಳಾಗ, ಒಂದು ದಿನ ನಿಂತಾದ್ರೂ ನಿಲ್ಲಬಾರದೇ?" ಎಂದು ಅಮ್ಮ ಬೈಯುವುದಕ್ಕೂ ಗಾಡಿ ಕೂಗುವುದಕ್ಕೂ ಸರಿಹೋಗುತ್ತಿತ್ತು. ಕೂಗು ಕೇಳಿದ ತಕ್ಷಣ ನಾನು ತಂತಿ ಬೇಲಿಯ ಕಡೆಗೆ ಓಡುತ್ತಿದ್ದೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಗೌರಕ್ಕ ಕಿವಿಯಲ್ಲಿ ಬೆರಳಿಟ್ಟುಕೊಂಡು ಅಡುಗೆಮನೆಯ ಕಡೆಗೆ ಓಡುತ್ತಿದ್ದಳು. ಎಂಜಿನ್ ಪಕ್ಕಕ್ಕೆ ಬುಸ್ಸೆಂದು ಉಗಿ ಬಿಟ್ಟಿತೆಂದರೆ ಅವಳಿಗೆ ಮೈಯೆಲ್ಲ ನಡುಕ. ಬೇಲಿಯ ಹತ್ತಿರ ನಿಂತ ನನ್ನ ಕಣ್ಣಿಗೆ ಕಲ್ಲಿದ್ದಲಿನ ಕಿಡಿ ಬೀಳದ ದಿನ ಇರಲಿಲ್ಲ. ಅಮ್ಮ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಗೆ ಹಿಡಿದು ಬಿಸಿಯಾಗಿ ಊದಿ, ನನ್ನ ಕಣ್ಣಿನ ಮೇಲೆ ಒತ್ತುತ್ತಿದ್ದಳು. ಆ ಶಾಖದ ಆಸೆಗೆ, ಕಿಡಿ ಬೀಳದಿದ್ದರೂ ಬಿತ್ತು ಎಂದು ಅತ್ತದ್ದುಂಟು.

ಈಗ ಜಾತಕ ಬರೆಯುವ ವಿಧಾನ. ದೊಡ್ಡ ವಿದ್ಯೆಯೇನೂ ಅಲ್ಲ. ಎಂಜಿನ್ನಿನ ಮೂತಿಯ ಕೆಳಗೆ ಎರಡು ಕಡೆಗೂ ಗುದ್ದು ತಾಳುವ, ಬೋಗುಣಿಯಂಥ ಎರಡು ಬಫರ್ ಇದ್ದರೆ ಅದು ಬ್ರಾಡ್ ಗೇಜ್, ಅಂದರೆ ಅಗಲ ಹಳಿಯದು. ನಡುವೆ ಒಂದೇ ಇದ್ದರೆ ಮೀಟರ್ ಗೇಜ್, ನಮ್ಮ ಅರಸೀಕೆರೆಯ ಕಡೆ ಆಗ ಓಡುತ್ತಿದ್ದದ್ದು. ಆಮೇಲೆ ಚಕ್ರದ ಲೆಕ್ಕ, ಚಿಮಣಿಯ ಎತ್ತರ, ದೀಪ ಎಲ್ಲಿ ಕೂತಿದೆ ಎಂಬುದು. ಸ್ಟೇಷನ್ನಿನ ಬೋರ್ಡಿನಲ್ಲಿ ಊರಿನ ಹೆಸರನ್ನು ಹೇಗೆ ಬರೆದಿದ್ದಾರೆ ಎಂಬುದೂ ಸಾಕ್ಷಿಗೆ ಬರುತ್ತದೆ. ಮುಂದಿನ ಅಡ್ಡಪಟ್ಟಿಯ ಮೇಲೆ ಬರೆದ ನಂಬರು ಕಾಣಿಸಿತೋ, ಅರ್ಧ ಗೆದ್ದ ಹಾಗೆ. ಯಾವ ನಂಬರಿನ ಎಂಜಿನ್ ಯಾವ ವರ್ಷ ಕಾರ್ಖಾನೆಯಿಂದ ಹೊರಬಿತ್ತು ಎಂಬುದನ್ನು ನನ್ನಂಥ ಹುಚ್ಚರು ಪಟ್ಟಿ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಎಂಜಿನ್ ಹುಟ್ಟುವ ಮುಂಚೆ ಅದರ ಫೋಟೋ ತೆಗೆಯಲು ಯಾರಿಂದಲೂ ಸಾಧ್ಯವಿಲ್ಲವಲ್ಲ! ಅಷ್ಟೇ ಈ ಶಾಸ್ತ್ರದ ಗುಟ್ಟು. ನಾನು ಇದಕ್ಕೆ ಗಂಭೀರವಾಗಿ 'ಕಾಲನಿರ್ಣಯ' ಎನ್ನುತ್ತೇನೆ. ಗಿರಿಜಾ 'ಕಾಲಹರಣ' ಎನ್ನುತ್ತಾಳೆ.

ಈ ಶಾಸ್ತ್ರದಿಂದ ನಾನು ಸಂಪಾದಿಸಿರುವುದು ಮುಖ್ಯವಾಗಿ ಜನರ ಮುನಿಸು. ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇರುವ ಪಾಟೀಲರು ಗದಗದ ಕಡೆಯವರು. ಒಂದು ಸಂಜೆ ಸಂಭ್ರಮದಿಂದ ಅವರ ತಂದೆಯ ಫೋಟೋ ತಂದರು. ರುಮಾಲು ಸುತ್ತಿದ ತರುಣ, ಸೊಂಟದ ಮೇಲೆ ಕೈ, ಹಿಂದೆ ಎಂಜಿನ್. "ಮುಂಬಯಿಗೆ ಹೋಗಿದ್ದಾಗಿಂದು ರೀ. ನಮ್ಮ ಊರಾಗ ಮೊದಲನೇ ಸಲ ಮುಂಬಯಿ ನೋಡಿ ಬಂದಾವ್ರು ಅಂದ್ರ ನಮ್ಮಪ್ಪನ" ಎಂದರು. ನಾನು ಭೂತಗನ್ನಡಿ ಹಿಡಿದೆ. ನಡುವೆ ಒಂದೇ ಬಫರ್. ಇದು ಮೀಟರ್ ಗೇಜ್, ಮುಂಬಯಿ ಅಲ್ಲ, ಹಿಂದೆ ಕಾಣುವ ಕಟ್ಟಡ ನೋಡಿದರೆ ಹುಬ್ಬಳ್ಳಿ ಇರಬೇಕು ಎಂದುಬಿಟ್ಟೆ. ಪಾಟೀಲರು, "ಒಂದು ಬಫರ್ ಸಲುವಾಗಿ ನಮ್ಮಪ್ಪನ್ನ ಮುಂಬಯಿಂದ ತಂದು ಹುಬ್ಬಳ್ಳ್ಯಾಗ ಇಳಿಸಿಬಿಟ್ರಲ್ರೀ ಸರ!" ಎಂದರು. ಆಮೇಲೆ ಲಿಫ್ಟಿನ ಹತ್ತಿರ ಎದುರಾದಾಗಲೆಲ್ಲ ಅವರು ಮೆಟ್ಟಿಲು ಹಿಡಿಯುತ್ತಿದ್ದರು. ಯುಗಾದಿಗೆ ಶೇಂಗಾ ಹೋಳಿಗೆ ಕೊಡಲು ಬಂದವರು ಬಾಗಿಲಲ್ಲೇ ನಿಂತು, "ನಮ್ಮ ಅವ್ವಗ ನಾ ಇನ್ನೂ ಹೇಳಿಲ್ರಿ. ಆಕಿ ಪಾಲಿಗೆ ಮುಂಬಯಿನ ಇರ್ಲಿ" ಎಂದರು. ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಆದರೂ ಸತ್ಯ ಸತ್ಯವೇ ಅಲ್ಲವೇ ಎಂದು ನೀರು ಕುಡಿದೆ.

ಹೀಗಿರುವಾಗ ಗೌರಕ್ಕ ತನ್ನ ಫೋಟೋ ಕೊಟ್ಟಳು.

ಅಕ್ಕನ ಮನೆ ಜೆಪಿ ನಗರದಲ್ಲಿ, ಪುಟ್ಟೇನಹಳ್ಳಿ ಕೆರೆಯ ಈಚೆ. ಅವಳ ಕೋಣೆಯಲ್ಲಿ ಅಂಗೈಯಷ್ಟು ಅಗಲದ ಒಂದು ಕಪ್ಪು ಬಿಳುಪು ಫೋಟೋ ಇದೆ. ಅರಸೀಕೆರೆಯ ಪ್ಲಾಟ್‌ಫಾರಂ. ಹಿಂದೆ ಎಂಜಿನ್. ಮುಂದೆ ಅಮ್ಮ, ಇನ್ನೂ ಕನ್ನಡಕ ಬಾರದ, ಗಲ್ಲ ತುಂಬಿದ ಅಮ್ಮ. ಅವಳ ಮೊಣಕಾಲಿಗೆ ಒರಗಿ ರೇಷ್ಮೆ ಲಂಗ ಉಟ್ಟ ಮೂರು ವರ್ಷದ ಮಗು. ಮೊಗ್ಗಿನ ಜಡೆ ಕಾಣಲಿ ಎಂದು ಮಗುವನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದ್ದಾರೆ. ತೆಗೆದದ್ದು ಸೋದರಮಾವ, ಅವನ ಡಬ್ಬಿ ಕ್ಯಾಮೆರಾದಲ್ಲಿ. ಅಮ್ಮ ತೀರಿಕೊಂಡ ಮೇಲೆ ಅವಳ ಹರೆಯದ ಫೋಟೋ ಅಂತ ಉಳಿದಿರುವುದು ಇದೊಂದೇ. ಅಕ್ಕ ದಿನಾ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನ ಅದರ ಮುಂದೆ ಒಂದು ಹೂವಿಡುತ್ತಾಳೆ. 'ನನ್ನ ಫೋಟೋ' ಎಂದೇ ಅದನ್ನು ಕರೆಯುತ್ತಾಳೆ. ಆ ಮಗು ಅಕ್ಕ ಎಂಬುದರಲ್ಲಿ ನಮಗೆ ಯಾರಿಗೂ ಅನುಮಾನ ಇರಲಿಲ್ಲ. ಅಮ್ಮನನ್ನು ಕೇಳಿದರೆ, "ಅದು ಪಾಪುಗೆ ಜಡೆ ಹಾಕಿದ ದಿನ" ಎನ್ನುತ್ತಿದ್ದಳು, ಅಷ್ಟೇ. ನಮ್ಮ ಮನೆಯಲ್ಲಿ ಪಾಪು ಎಂದರೆ ಹೆಸರಲ್ಲ, ಹುದ್ದೆ. ಮೊದಲು ಅಕ್ಕ ಪಾಪು ಆಗಿದ್ದಳು. ನಾನು ಹುಟ್ಟಿದ ಮೇಲೆ ಆ ಹುದ್ದೆ ನನಗೆ ಬಂತು. ಈಗ ಅಕ್ಕನ ಮಗಳು ರಶ್ಮಿಯ ಮಗಳು ಪಾಪು.

ಈ ಪಾಪುವಿಗೆ ಮೂರು ತುಂಬಿತು, ಮೊಗ್ಗಿನ ಜಡೆ ಹಾಕಿ ಫೋಟೋ ತೆಗೆಸುವುದೆಂದು ತೀರ್ಮಾನವಾಯಿತು. ಅಕ್ಕ ಟ್ರಂಕಿನಿಂದ ಅದೇ ಹಳೆಯ ಲಂಗ ತೆಗೆದಳು. "ಲೋ ಚಂದ್ರು, ನನ್ನ ಫೋಟೋ ದೊಡ್ಡದು ಮಾಡ್ಸೋ. ಅದನ್ನ ಗೋಡೆಗೆ ಹಾಕಿ, ಮುಂದೆ ಅದೇ ಲಂಗದಲ್ಲಿ ಪಾಪುನ ನಿಲ್ಲಿಸ್ತೀನಿ. ಊರೋರಿಗೆಲ್ಲ ವರ್ಷ ಹೇಳ್ತೀಯಲ್ಲ, ಇದು ಯಾವ ವರ್ಷದ್ದು ಅಂತ ನೋಡಿ ಹೇಳು, ಕೆಳಗೆ ಬರೆಸೋಣ" ಎಂದಳು. ಇಷ್ಟು ವರ್ಷ ನನ್ನ ಶಾಸ್ತ್ರಕ್ಕೆ ನಕ್ಕವಳು ಮೊದಲ ಸಲ ಮರ್ಯಾದೆ ಕೊಟ್ಟಿದ್ದಳು. ನಾನು ಉಬ್ಬಿಹೋದೆ.

ಮನೆಗೆ ತಂದು ನೋಡಿದೆ. ವೈ.ಪಿ. ಎಂಬ ಜಾತಿಯ ಎಂಜಿನ್, ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿ ಎಳೆಯುವಂಥದು. ಅಡ್ಡಪಟ್ಟಿಯ ಮೇಲೆ ನಂಬರು ಮುತ್ತಿನ ಹಾಗೆ ಕಾಣುತ್ತಿತ್ತು. ಪಟ್ಟಿ ತೆರೆದೆ. ಆ ನಂಬರಿನ ಎಂಜಿನ್ ಕಾರ್ಖಾನೆಯಿಂದ ಹೊರಬಿದ್ದ ವರ್ಷ ನೋಡಿದೆ. ಮತ್ತೆ ನೋಡಿದೆ. ಕನ್ನಡಕ ಒರೆಸಿ ನೋಡಿದೆ. ಆ ವರ್ಷ ಗೌರಕ್ಕ ಒಂದನೇ ಕ್ಲಾಸಿನಲ್ಲಿ ನಿಂತು ಮಗ್ಗಿ ಒಪ್ಪಿಸುತ್ತಿದ್ದಳು. ಎರಡು ಹಲ್ಲು ಬಿದ್ದಿದ್ದವು. ಫೋಟೋದ ಮಗುವಿಗೆ ಹಲ್ಲು ಭದ್ರವಾಗಿದ್ದದ್ದು ಕಾಣುತ್ತಿತ್ತು, ಯಾಕೆಂದರೆ ಅದು ಬಾಯಿ ಬಿಟ್ಟುಕೊಂಡು ನಿಂತಿತ್ತು. ಕ್ಯಾಮೆರಾ ನೋಡುತ್ತಿರಲಿಲ್ಲ. ಎಂಜಿನ್ ನೋಡುತ್ತಿತ್ತು.

"ಗಿರಿಜಾ, ಇದು ಅಕ್ಕ ಅಲ್ಲ ಕಣೇ" ಎಂದೆ.

"ಮತ್ಯಾರು?"

"ನಾನು."

ಅವಳು ಬೀನ್ಸ್ ಸೋಸುವುದನ್ನು ನಿಲ್ಲಿಸದೆ, "ಆ ಕಿವಿ ನೋಡಿ ನನಗೆ ಮದುವೆಯಾದ ಹೊಸದರಲ್ಲೇ ಅನುಮಾನ ಬಂದಿತ್ತು. ಅತ್ತಿಗೆ ಕಿವಿ ಪುಟ್ಟದು. ಇದು ನೋಡಿ, ಬಿಸಿಲಿಗೆ ಹರವಿದ ಹಪ್ಪಳ" ಎಂದಳು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಯಾವತ್ತು ಕೇಳಿದ್ರಿ? ನೀವು ಕೇಳೋದು ಬರೀ ಬಫರ್ ವಿಷಯ."

ಲಂಗ ಉಟ್ಟು, ಬಳೆ ತೊಟ್ಟು, ಜಡೆ ಹಾಕಿಸಿಕೊಂಡು ನಿಂತಿರುವುದು ನಾನು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈಗ ನನ್ನ ತಲೆಯ ಮೇಲೆ ಒಂದು ಮೊಗ್ಗು ಸಿಕ್ಕಿಸುವಷ್ಟೂ ಕೂದಲಿಲ್ಲ. ನನಗೆ ಕೂದಲಿದ್ದ ಕಾಲದ ಏಕೈಕ ಸಾಕ್ಷಿ ಅದು. ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ. ನನ್ನದು ಅಂತ ಚಿಕ್ಕಂದಿನ ಒಂದೂ ಫೋಟೋ ಇಲ್ಲ ಎಂಬ ಕೊರಗು ಈ ವಯಸ್ಸಿನಲ್ಲಿ ಕಳೆಯಿತು. ಮರುಗಳಿಗೆಯೇ ಅಕ್ಕ ಇಡುವ ಹೂವು ನೆನಪಾಯಿತು. ಅಮ್ಮನ ಮೊಣಕಾಲಿಗೆ ಒರಗಿದ ಆ ಒಂದು ಜಾಗವನ್ನು ಅಕ್ಕನಿಂದ ಕಿತ್ತುಕೊಳ್ಳುವುದು ಹೇಗೆ? ವರ್ಷ ಹೇಳಿದರೆ ಅಕ್ಕ ಬೆರಳು ಮಡಚಿ ತನ್ನ ವಯಸ್ಸು ಎಣಿಸುತ್ತಾಳೆ. ತಪ್ಪು ವರ್ಷ ಹೇಳಿದರೆ, ಪಾಟೀಲರ ತಂದೆಯನ್ನು ಹುಬ್ಬಳ್ಳಿಯಲ್ಲಿ ಇಳಿಸಿದವನಿಗೆ ಯಾವ ಮುಖ?

ಏನೂ ತೀರ್ಮಾನವಾಗದೆ ಫೋಟೋವನ್ನು ಸ್ಟುಡಿಯೋಗೆ ಕೊಟ್ಟೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತವನು ದೊಡ್ಡದು ಮಾಡಿ ತೋರಿಸಿ, "ಸಾರ್, ಹಳೇದು, ತುಂಬ ಕಲೆ ಇದೆ. ಕ್ಲೀನ್ ಮಾಡ್ಲಾ?" ಎಂದ. ಮಾಡಪ್ಪ ಎಂದೆ. ಎಂಜಿನ್ನಿನ ನಂಬರಿನ ಮೇಲೆ ಮಾತ್ರ ಕೈ ಇಡಬೇಡ ಎಂದೆ. ಅಮ್ಮನ ಸೊಂಟದ ಹತ್ತಿರ, ಸೆರಗಿನ ಮೇಲೆ ನಾಲ್ಕು ಬಿಳಿ ಕಲೆಗಳಿದ್ದವು. "ಇದೂ ತೆಗೀಲಾ?" ಎಂದ. ನಾನು ಆಗ ಚಕ್ರದ ಕಡ್ಡಿ ಎಣಿಸುತ್ತಿದ್ದೆ. ಆ, ತೆಗಿ ತೆಗಿ, ಎಂದೆ.

ನಿನ್ನೆ ಮೊಗ್ಗಿನ ಪೊಟ್ಟಣ, ಫೋಟೋ ಹಿಡಿದು ಗಿರಿಜಾ ಜತೆ ಮೆಟ್ಟಿಲಿಳಿಯುವಾಗ ಪಾಟೀಲರು ಸಿಕ್ಕರು. ಹೆಂಗಸರ ಮೂಲಕ ಸುದ್ದಿ ಆಗಲೇ ಕೆಳಗಿಳಿದಿತ್ತು. "ಏನ್ ಸರ, ಇವತ್ತು ಅಕ್ಕಾರನ್ನ ಯಾವ ಸ್ಟೇಷನ್ನ್ಯಾಗ ಇಳಸಾವ್ರು?" ಎಂದರು. ಇಷ್ಟು ದಿನ ಮೆಟ್ಟಿಲು ಹಿಡಿಯುತ್ತಿದ್ದವರು ನಿನ್ನೆ ಗೇಟಿನ ತನಕ ಬಂದು, ಆಟೋ ಸಿಗುವವರೆಗೂ ನಿಂತು, ನಗುನಗುತ್ತ ಕಳಿಸಿಕೊಟ್ಟರು.

ಅಕ್ಕನ ಮನೆಯಲ್ಲಿ ಬಾಳೆದಿಂಡಿನ ಪಟ್ಟೆಯ ಮೇಲೆ ಮೊಗ್ಗು ಹೊಲಿದು, ಪಾಪುವಿನ ಮೋಟು ಜಡೆಗೆ ಚೌರಿ ಸೇರಿಸಿ ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು. ಪಾಪು ಎರಡು ಸಲ ಅತ್ತಿತು, ಒಂದು ಸಲ ಮೊಗ್ಗು ತಿಂದಿತು. ಹಳೆಯ ಲಂಗಕ್ಕೆ ರಶ್ಮಿ ಹೊಸ ಲಾಡಿ ಹಾಕಿದ್ದಳು. ಎಲ್ಲ ಮುಗಿದ ಮೇಲೆ ಅಕ್ಕ ಕೈ ಒರೆಸಿಕೊಂಡು ಬಂದು ಕೂತಳು.

"ಹೂಂ, ತೆಗಿ. ಯಾವ ವರ್ಷ?"

ನಾನು ದಾರಿಯುದ್ದಕ್ಕೂ ಆಟೋದಲ್ಲಿ ಅಭ್ಯಾಸ ಮಾಡಿದ್ದ ಮಾತು ಹೇಳಿದೆ. "ಅಕ್ಕ, ನಂಬರು ಸರಿಯಾಗಿ ಕಾಣ್ತಿಲ್ಲ. ಹೊಗೆ."

"ಹೊಗೇನಾ? ಹೊಗೆ ಒಳಗೇ ನಂಬರ್ ಓದ್ತೀನಿ ಅಂತ ಮದುವೆ ಮನೇಲೆಲ್ಲ ಕೊಚ್ಕೋತಿದ್ದೆ" ಎಂದು ಅವಳೇ ಕಾಗದ ಬಿಚ್ಚಿದಳು. ಫೋಟೋ ಚೆನ್ನಾಗಿ ಬಂದಿತ್ತು. ಅಮ್ಮ ಈಗಷ್ಟೇ ಮುಖ ತೊಳೆದು ಬಂದ ಹಾಗಿದ್ದಳು. ಎಂಜಿನ್ನಿನ ನಂಬರು ಬೀದಿಯಿಂದ ಓದುವಷ್ಟು ಸ್ಪಷ್ಟವಾಗಿತ್ತು. ಅಕ್ಕ ನಂಬರು ನೋಡಲಿಲ್ಲ. ಕನ್ನಡಕ ಮೂಗಿಗೇರಿಸಿ ಅಮ್ಮನ ಸೆರಗಿನ ಹತ್ತಿರ ಬಗ್ಗಿದಳು. ಅದರ ಜತೆಗೇ ಸ್ಟುಡಿಯೋದಿಂದ ವಾಪಸ್ ಬಂದಿದ್ದ ಸಣ್ಣ ಫೋಟೋವನ್ನು ಪಕ್ಕದಲ್ಲಿಟ್ಟು ನೋಡಿದಳು.

"ಲೋ, ನಾನೆಲ್ಲಿ?"

"ಅಂದ್ರೆ?"

"ಬೆರಳು ಎಲ್ಲೋ? ಇಲ್ಲಿ ನನ್ನ ಬೆರಳಿತ್ತಲ್ಲೋ! ನಾಲ್ಕು ಬೆರಳು, ಸೆರಗು ಹಿಡ್ಕೊಂಡಿದ್ದು!"

ನಾನು ಸಣ್ಣ ಫೋಟೋ ಎತ್ತಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ಎಂಜಿನ್ ಬಿಟ್ಟು ಅಮ್ಮನ ಸೊಂಟ ನೋಡಿದೆ. ಕಲೆಯಲ್ಲ. ಹಿಂದಿನಿಂದ ಬಂದು ಸೆರಗನ್ನು ಬಿಗಿಯಾಗಿ ಹಿಡಿದ ನಾಲ್ಕು ಪುಟ್ಟ ಬೆರಳು. ಒಂದರಲ್ಲಿ ಉಂಗುರವೂ ಇತ್ತು.

"ಅದು ನೀನಾ?"

"ಮತ್ತೆ? ಎಂಜಿನ್ ಬುಸ್ ಅಂತು. ಅಮ್ಮನ ಹಿಂದೆ ಕುಕ್ಕರಗಾಲಲ್ಲಿ ಕೂತ್ಬಿಟ್ಟೆ. ಮಾವ 'ಈಚೆ ಬಾರೇ ಗೌರಿ' ಅಂತಾನೇ ಇದ್ದ, ನಾನು ಬರಲಿಲ್ಲ. ಅಷ್ಟರಲ್ಲಿ ಟಿಕ್ ಅನ್ನಿಸಿಬಿಟ್ಟ."

"ಹಾಗಾದ್ರೆ ಮುಂದೆ ನಿಂತಿರೋ ಮಗು ನಾನು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿರದೆ ಏನು? ನಿನ್ನ ಜವಳಕ್ಕೆ ಹೊರಟಿದ್ದು ಕಣೋ ಅವತ್ತು. ತಲೆ ಬೋಳಿಸೋ ಮುಂಚೆ ಒಂದು ಸಲ ಜಡೆ ನೋಡ್ಬಿಡೋಣ ಅಂತ ಅಮ್ಮಂಗೆ ಆಸೆ."

ಜವಳದ ಮುನ್ನ ಗಂಡುಮಗುವಿಗೆ ಹೆಣ್ಣಿನ ಅಲಂಕಾರ ಮಾಡಿ ಫೋಟೋ ತೆಗೆಸುವುದು ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ! ಮೂರು ವರ್ಷದ ಮಗು, ಎಂದೂ ಕತ್ತರಿಸದ ಕೂದಲು, ಪ್ರಯಾಣದ ಗಾಡಿ. ಸಾಕ್ಷಿಯೆಲ್ಲ ಕಣ್ಣೆದುರೇ ಇತ್ತು. ಬಫರಿನ ಸಂಖ್ಯೆ ನೋಡಿ ಪಕ್ಕದ ಮನೆಯವರ ತಂದೆಯ ಊರು ಬದಲಿಸಿದ ಪಂಡಿತನಿಗೆ ಅದು ಹೊಳೆದಿರಲಿಲ್ಲ.

"ಮತ್ತೆ ಇಷ್ಟು ವರ್ಷ ನನ್ನ ಫೋಟೋ, ನನ್ನ ಫೋಟೋ ಅಂತಿದ್ದೆ?"

"ನನ್ನದೇ ತಾನೇ? ಆ ಮಗು ನಾನು ಅಂತ ಯಾವತ್ತಾದ್ರೂ ಅಂದಿದೀನಾ? ಲಂಗ ನಂದು. ಚೌರಿ ನಂದು. ಬಳೆ ನಂದು, ಸರ ನಂದು. ಬೆರಳೂ ನಂದು. ಅದರಲ್ಲಿ ನಿಂದು ಅಂತ ಏನಿದೆ? ಬರೀ ಮೂತಿ."

ಗಿರಿಜಾ, "ಕಿವಿ ಸೇರಿಸಿ ಅತ್ತಿಗೆ" ಎಂದಳು.

"ಒಂದು ಮಾತು ಹೇಳಬಹುದಿತ್ತಲ್ಲ, ಅಕ್ಕ."

ಅಕ್ಕ ಸಣ್ಣ ಫೋಟೋವನ್ನು ಸೆರಗಿನಿಂದ ಒರೆಸಿದಳು. "ಹೇಳಿದ್ರೆ ನೀನು ಬಿಡ್ತಿದ್ಯಾ? ಹೈಸ್ಕೂಲಲ್ಲಿ ಯಾರೋ 'ಚಂದ್ರಿ' ಅಂದ್ರು ಅಂತ ಮೂರು ದಿನ ಊಟ ಬಿಟ್ಟಿದ್ದವನು ನೀನು. ಲಂಗದಲ್ಲಿರೋದು ನೀನೇ ಅಂತ ಗೊತ್ತಾಗಿದ್ರೆ ಅವತ್ತೇ ಹರಿದು ಬಚ್ಚಲ ಒಲೆಗೆ ಹಾಕ್ತಿದ್ದೆ. ಅಮ್ಮಂದು ಇರೋದು ಅದೊಂದೇ. ಅದಕ್ಕೇ ಯಾರು ಏನು ಅಂದ್ಕೊಂಡ್ರೂ ಸುಮ್ನಿದ್ದೆ."

ಹಾಕುತ್ತಿದ್ದೆ, ಖಂಡಿತ ಹಾಕುತ್ತಿದ್ದೆ. ಅಕ್ಕನಿಂದ ಅವಳ ಫೋಟೋ ಕಸಿಯಬೇಕಾಗುತ್ತದಲ್ಲ ಎಂದು ನಾನು ಹದಿನೈದು ದಿನ ಒದ್ದಾಡಿದ್ದೆ. ಅವಳು ಅದನ್ನು ನನ್ನ ಕೈಯಿಂದ ಅಷ್ಟು ಕಾಲದಿಂದ ಕಾಪಾಡುತ್ತ ಬಂದಿದ್ದಳು. ಕಡೆಗೂ ನನ್ನ ಕೈ ಬಿದ್ದ ಕೂಡಲೇ ಅವಳೇ ಅಳಿಸಿಹೋಗಿದ್ದಳು.

ನನ್ನ ಮುಖ ನೋಡಿ ಅಕ್ಕನಿಗೆ ಕರುಣೆ ಬಂದಿರಬೇಕು. "ಸಾಕು, ಮೂತಿ ಸರಿ ಮಾಡ್ಕೋ. ನಾಳೆ ಹೋಗಿ ನನ್ನ ಬೆರಳು ವಾಪಸ್ ಹಾಕಿಸ್ಕೊಂಡು ಬಾ. ಉಂಗುರ ಮರೀಬೇಡ. ಅಲ್ಲೀವರೆಗೂ ದೊಡ್ಡದು ನಿಮ್ಮನೇಲಿರ್ಲಿ, ಸಣ್ಣದು ನನ್ನ ಹತ್ರ. ಈಗ ವರ್ಷ ಹೇಳು, ಲಂಗಕ್ಕೆ ಎಷ್ಟು ವಯಸ್ಸಾಯ್ತು ನೋಡೋಣ" ಎಂದಳು. ಅವಳು ಕೇಳಿದ್ದು ಲಂಗದ ಜಾತಕ! ಹೇಳಿದೆ. ರಶ್ಮಿ ಸಣ್ಣ ಫೋಟೋದ ಕೆಳಗೆ ಬರೆಯಲು ಪೆನ್ನು ತಂದು, "ಹೆಸರು ಏನು ಬರೀಲಿ ಮಾಮ?" ಎಂದಳು. ಅಕ್ಕ, "ಅಮ್ಮ ಹೇಳ್ತಿದ್ದ ಹಾಗೇ ಬರಿ, ಪಾಪು ಅಂತ. ಯಾರಿಗೆ ಬೇಕೋ ಅವರು ತಗೊಳ್ಳಲಿ" ಎಂದಳು. ಪಾಪು ತನ್ನ ಹೆಸರು ಕೇಳಿ ಓಡಿಬಂತು. ಸಣ್ಣ ಫೋಟೋವನ್ನೇ ಗೋಡೆಗೆ ಹಾಕಿ, ಅದರ ಮುಂದೆ ಅವಳನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ರಶ್ಮಿ ಫೋನಿನಲ್ಲಿ ಫೋಟೋ ತೆಗೆದಳು. ಹಿಂದೆ ಯಾರಾದರೂ ಕೂತಿದ್ದಾರಾ ಎಂದು ನಾನು ಈ ಸಲ ಮೊದಲೇ ನೋಡಿಕೊಂಡೆ.

ಸಂಜೆ ಮನೆಗೆ ಬಂದು ದೊಡ್ಡ ಫೋಟೋವನ್ನು ಟಿವಿಯ ಪಕ್ಕ ಒರಗಿಸಿಟ್ಟೆವು. ಪಾಟೀಲರು ಕಾದಿದ್ದವರಂತೆ ಮೇಲೆ ಬಂದರು. ಬಗ್ಗಿ, ಹಿಂದೆ ಸರಿದು, ಮತ್ತೆ ಬಗ್ಗಿ ನೋಡಿದರು. "ಹಂಗಾರ ಇವ್ರು ನಿಮ್ಮ ಅಕ್ಕಾರನ ಹೌದಲ್ರಿ?"

"ಹೌದು ಪಾಟೀಲ್ರೇ. ಅಕ್ಕನೇ" ಎಂದೆ.

"ಭಾಳ ಛಲೋ ಆತು ನೋಡ್ರಿ. ಇರ್ಲಿ" ಎಂದು ಬಾಗಿಲ ತನಕ ಹೋದವರು ತಿರುಗಿ, "ಕಿವಿ ಮಾತ್ರ ಥೇಟ್ ನಿಮ್ಮವ ಅದಾವ್ರಿ ಸರ" ಎಂದು, ನಾನು ಬಾಯಿ ತೆರೆಯುವ ಮೊದಲೇ ಇಳಿದುಹೋದರು. ಮೆಟ್ಟಿಲಲ್ಲಿ ಅವರ ನಗು ಕೆಳಗಿನ ಮಹಡಿಯವರೆಗೂ ಕೇಳುತ್ತಿತ್ತು.

ರಾತ್ರಿಗೆ ಅಕ್ಕ ಕಟ್ಟಿಕೊಟ್ಟಿದ್ದ ಮಾವಿನಕಾಯಿ ಚಿತ್ರಾನ್ನ, ಆಮೇಲೆ ಮೊಸರನ್ನ. ಪಾಟೀಲರ ಶೇಂಗಾ ಹೋಳಿಗೆ ಒಂದೇ ಉಳಿದಿತ್ತು. ಅರ್ಧ ಮಾಡಿದೆವು, ದೊಡ್ಡ ಅರ್ಧ ಗಿರಿಜಾಳಿಗೆ ಹೋಯಿತು. ಊಟದ ನಡುವೆ ರಶ್ಮಿ ಫೋನ್ ಮಾಡಿದಳು. ಜೆಪಿ ನಗರದಲ್ಲಿ ಮೊದಲು ಮಲಗಿದ್ದು ಪಾಪುವಂತೆ. ಜಡೆ ಬಿಚ್ಚಲು ಬಿಡದೆ, ಬೋರಲಾಗಿ, ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದೆಯಂತೆ. ಅಕ್ಕ ಏಳಲಾರದೆ ಕೂತಲ್ಲೇ ಕೂತಿದ್ದಾಳಂತೆ. ನಮ್ಮ ಮನೆಯಲ್ಲಿ ಮೊದಲು ಗೊರಕೆ ಹೊಡೆದದ್ದು ನಾನು ಎಂದು ಗಿರಿಜಾ ಹೇಳುತ್ತಾಳೆ. ಅವಳು ಎಂದು ನನ್ನ ವಾದ. ಫೋಟೋ ಇಲ್ಲವಾದ್ದರಿಂದ ಕಾಲನಿರ್ಣಯ ಮಾಡಲಾರೆ.